ತೆರಿಗೆ ಕಟ್ಟಿದ ಕಳ್ಳ: ಭಾನುವಾರದ ವಾಸನೆ

"ಬ್ಯಾಗು ತೆಗಿ," ಎಂದೆ.

ಲಂಬೂ ತೆಗೆಯಲಿಲ್ಲ. ಬ್ಯಾಗನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಆ ಕೋಣೆಯ ಬಾಗಿಲಿನ ಚೌಕಟ್ಟಿಗೆ ದಿನಕ್ಕೊಮ್ಮೆಯಾದರೂ ಹಣೆ ಚಚ್ಚಿಕೊಳ್ಳುವಷ್ಟು ಉದ್ದದ ಹುಡುಗ, ಅದಕ್ಕೇ ಆ ಅಡ್ಡಹೆಸರು. ಅವತ್ತು ಮಾತ್ರ ಕುಗ್ಗಿ ಕುಗ್ಗಿ ನನ್ನ ಎತ್ತರಕ್ಕೆ ಇಳಿದಿದ್ದ.

"ಬೇಡ ಅಕ್ಕ. ಅದ್ರಲ್ಲಿ ಏನೂ ಇಲ್ಲ."

"ಏನೂ ಇಲ್ಲದ ಬ್ಯಾಗನ್ನ ಯಾರೂ ಹೀಗೆ ತಬ್ಬಿಕೊಳ್ಳಲ್ಲ. ತೆಗಿ ಅಂದೆ."

ನನ್ನ ಕಕ್ಷಿದಾರನ ಟ್ಯಾಕ್ಸ್ ನಂಬರಿನಲ್ಲಿ ಬೇರೆ ಯಾರೋ ಮೊದಲೇ ರಿಟರ್ನ್ ಸಲ್ಲಿಸಿಬಿಟ್ಟಿದ್ದಾರೆ ಎಂದು ಗೊತ್ತಾಗಿ ವಾರವಾಗಿತ್ತು. ಆ 'ಯಾರೋ' ಈಗ ಇದೇ ಬಾಗಿಲಿಗೆ ಒರಗಿ ನಿಂತಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು.

ಕಕ್ಷಿದಾರ ಮಂಚದ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಈ ದೇಶಕ್ಕೆ ಓದಲು ಬಂದವನು, ಲಂಬೂನ ಜೊತೆ ಒಂದೇ ಕೋಣೆ ಹಂಚಿಕೊಂಡವನು. ಹೆಸರು ಹಿಡಿದು ಕರೆಯದೆ ಕಕ್ಷಿದಾರ ಎನ್ನುತ್ತೇನೆ, ಅದು ನನ್ನ ಹಳೆಯ ಆಫೀಸಿನ ಅಭ್ಯಾಸ. ಪರದೆಯ ಆಚೆ ಒಲೆಯ ಮುಂದೆ ಅವನ ತಾಯಿ ನಿಂತಿದ್ದರು. ಮಗನನ್ನು ನೋಡಿಕೊಂಡು ಹೋಗೋಣ ಎಂದು ಹೋದ ವರ್ಷ ಬಂದವರು, ವೀಸಾ ವಿಸ್ತರಿಸಿಕೊಂಡು ಇನ್ನೂ ಇಲ್ಲೇ ಇದ್ದರು. ನಮ್ಮ ಗಲಾಟೆ ಕೇಳಿ ಅವರು ಸೌಟು ಆಡಿಸುವುದನ್ನು ನಿಲ್ಲಿಸಿದ್ದು ನನಗೆ ಗೊತ್ತಾಯಿತು. ಕೇಳಲಿ, ಒಳ್ಳೆಯದೇ ಆಯಿತು, ಮಗನ ಪಕ್ಕದಲ್ಲೇ ಎಂಥ ಹಾವು ಮಲಗುತ್ತದೆ ಎಂದು ತಿಳಿಯಲಿ ಅಂದುಕೊಂಡೆ.

ನಾನು ಪೊಲೀಸಿನವಳಲ್ಲ. ಊರಲ್ಲಿ ಆಡಿಟರ್ ಆಫೀಸಿನಲ್ಲಿ ಕಂಡವರ ಲೆಕ್ಕದ ತಪ್ಪು ಹುಡುಕುತ್ತಿದ್ದವಳು. ಗಂಡನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದೆ, ಇಲ್ಲಿ ಸಂಬಳಕ್ಕೆ ದುಡಿಯುವ ಹಕ್ಕು ನನಗಿಲ್ಲ. ಮನೆಯಲ್ಲಿ ಕೂತು ತಲೆ ಕೆಟ್ಟು, ಯೂನಿವರ್ಸಿಟಿಯಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ರಿಟರ್ನ್ ತುಂಬಿಸುವ ಪುಕ್ಕಟೆ ಸೇವೆಗೆ ಸೇರಿಕೊಂಡೆ. ಹುಡುಗರು ಅದಕ್ಕೆ ಟ್ಯಾಕ್ಸ್ ಕೋಣೆ ಅನ್ನುತ್ತಾರೆ, ನನಗೆ ಆಡಿಟರ್ ಅಕ್ಕ ಅನ್ನುತ್ತಾರೆ. ಹಿಂದಿನಿಂದ ಇನ್ನೇನಾದರೂ ಅನ್ನುತ್ತಿರಬಹುದು, ನನ್ನ ಬಾಯಿ ಅಂಥದ್ದು.

ಈ ಕೇಸು ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಬೇರೆಯವರ ನಂಬರು ತೋರಿಸಿ ಕದ್ದು ಕೆಲಸ ಮಾಡುವವರು ಎಲ್ಲ ಕಡೆಯೂ ಇರುತ್ತಾರೆ. ಅಂಥವರು ಸಂಬಳ ಎಣಿಸಿಕೊಂಡು ಮಾಯವಾಗುತ್ತಾರೆ. ಇವನು ಹಾಗಲ್ಲ. ಒಬ್ಬ ಕ್ಲೀನಿಂಗ್ ಕಂಟ್ರಾಕ್ಟರನ ಕೈಕೆಳಗೆ ಕಕ್ಷಿದಾರನ ನಂಬರಿನಲ್ಲಿ ತಿಂಗಳುಗಟ್ಟಲೆ ನೆಲ ಒರೆಸಿದ್ದಾನೆ. ಆಮೇಲೆ ಪದ್ಧತಿಯಾಗಿ ಕೂತು, ರಿಟರ್ನ್ ಬರೆದು, ಕಟ್ಟಬೇಕಾದ ತೆರಿಗೆ ಕಟ್ಟಿ, ಗಡುವಿಗೆ ಮೊದಲೇ ಅಂಚೆಗೆ ಹಾಕಿದ್ದಾನೆ. ಕಳ್ಳನಿಗೆ ಈ ಉಸಾಬರಿ ಯಾಕೆ? ಅವನು ರಿಟರ್ನ್ ಹಾಕದಿದ್ದರೆ ಯಾರಿಗೂ ಬೇಗ ಗೊತ್ತಾಗುತ್ತಲೇ ಇರಲಿಲ್ಲ.

ಕಕ್ಷಿದಾರನ ವೀಸಾದ ಮೇಲೆ ಯೂನಿವರ್ಸಿಟಿಯ ಹೊರಗೆ ಕೆಲಸ ಮಾಡುವಂತಿಲ್ಲ. ಆ ರಿಟರ್ನ್ ನಿಜವಾದರೆ ಓದು ಅಲ್ಲಿಗೇ ಮುಗಿಯಿತು, ಗಂಟುಮೂಟೆ ಕಟ್ಟಬೇಕು. ಸುಳ್ಳಾದರೆ ಸುಳ್ಳು ಎಂದು ತೆರಿಗೆ ಕಚೇರಿಯಲ್ಲಿ ಹೇಳಬೇಕು. ಹೇಳುವ ದಿನ ಇವತ್ತೇ, ಮಧ್ಯಾಹ್ನ. ಹೋಗುವ ಮೊದಲು ಕಳ್ಳನ ಜುಟ್ಟು ಹಿಡಿದುಕೊಂಡೇ ಹೋಗಬೇಕು ಎಂದು ನಾನು ಹಟ ಹಿಡಿದಿದ್ದೆ.

"ಬೆಳಕು ಹರಿಯೋ ಮುಂಚೆ ಎಲ್ಲಿಗೆ ಹೋಗ್ತೀಯ?" ಎಂದು ಲಂಬೂನನ್ನು ಕೇಳಿದೆ.

"ಲೈಬ್ರರಿಗೆ."

"ಲೈಬ್ರರಿ ಬಾಗಿಲು ತೆಗೆಯೋದೇ ಬಿಸಿಲೇರಿದ ಮೇಲೆ. ಅಷ್ಟು ಹೊತ್ತು ಮೆಟ್ಟಿಲ ಮೇಲೆ ತಪಸ್ಸು ಮಾಡ್ತೀಯಾ?"

ನಾನು ಕಕ್ಷಿದಾರನ ಕಡೆ ಕೈ ತೋರಿಸಿದೆ.

"ವಾಪಸ್ ಬಂದಾಗ ಕೋಣೆ ತುಂಬ ಬ್ಲೀಚಿಂಗ್ ಪೌಡರ್ ವಾಸನೆ. ದಿನಾ ಬರುತ್ತೆ, ಭಾನುವಾರಾನೂ ಬಿಡಲ್ಲ ಅಂತ ಇವನೇ ಹೇಳಿದಾನೆ. ಪುಸ್ತಕಕ್ಕೆ ಬ್ಲೀಚಿಂಗ್ ಹಾಕಿ ಓದೋ ಪದ್ಧತಿ ಇದೆಯಾ ನಿಮ್ಮಲ್ಲಿ? ಇವನ ಟ್ಯಾಕ್ಸ್ ಕಾರ್ಡು ಫ್ರಿಜ್ಜಿನ ಮೇಲೆ ಅಂಟಿಕೊಂಡೇ ಇರುತ್ತೆ. ನೀರು ಕುಡಿಯೋಕೆ ಹೋದವರಿಗೆಲ್ಲ ಕಾಣುತ್ತೆ. ಒಪ್ಕೋ. ಯಾರ ಆಫೀಸು ಗುಡಿಸ್ತಿದೀಯ?"

"ಯಾರದ್ದೂ ಅಲ್ಲ ಅಕ್ಕ. ದಯವಿಟ್ಟು..."

ಆ 'ದಯವಿಟ್ಟು' ಕೇಳಿ ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಬ್ಯಾಗಿನ ಪಟ್ಟಿ ಹಿಡಿದು ಎಳೆದೆ. ಅವನೂ ಎಳೆದ. ಜಿಪ್ಪು ಬಾಯಿ ಬಿಟ್ಟು ಒಳಗಿದ್ದದ್ದೆಲ್ಲ ನೆಲಕ್ಕೆ ಸುರಿಯಿತು.

ಒಂದು ಒದ್ದೆ ಟವೆಲು. ಒಂದು ಚಡ್ಡಿ. ಒಂದು ರಬ್ಬರ್ ಟೋಪಿ. ನೀರೊಳಗೆ ಹಾಕಿಕೊಳ್ಳುವ ಕನ್ನಡಕ. ಮತ್ತೆ, ಬಾತುಕೋಳಿಯ ಚಿತ್ರವಿದ್ದ ಒಂದು ಹಳದಿ ತೇಲುಹಲಗೆ, ಚಿಕ್ಕ ಮಕ್ಕಳು ಹಿಡಿದುಕೊಂಡು ಕಾಲು ಬಡಿಯುತ್ತಾರಲ್ಲ, ಅಂಥದ್ದು.

ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಈಜು ಕಲೀತಿದೀನಿ," ಎಂದ ಲಂಬೂ, ನೆಲ ನೋಡುತ್ತ. "ಹೋದ ವರ್ಷ ಡಿಪಾರ್ಟ್‌ಮೆಂಟಿನವರು ದೋಣಿ ಹತ್ತಿಸಿದ್ರು. ಬಿದ್ದೆ. ಸೊಂಟದುದ್ದ ನೀರಲ್ಲಿ 'ಅಮ್ಮಾ ಅಮ್ಮಾ' ಅಂತ ಕಿರುಚಿಕೊಂಡೆ. ಎಲ್ಲಾರೂ ವಿಡಿಯೊ ಮಾಡ್ಕೊಂಡ್ರು. ದೊಡ್ಡವರ ಬ್ಯಾಚಲ್ಲಿ ಜಾಗ ಇರಲಿಲ್ಲ. ಸ್ಕೂಲಿಗೆ ಹೋಗೋ ಮುಂಚೆ ಬರೋ ಮಕ್ಕಳ ಬ್ಯಾಚಿಗೆ ಸೇರಿಸ್ಕೊಂಡ್ರು. ಅವರೆಲ್ಲ ನನ್ನ ಮಂಡಿಗಿಂತ ಸ್ವಲ್ಪ ಮೇಲಿದಾರೆ ಅಷ್ಟೇ. ಆ ವಾಸನೆ ಕೊಳದ ನೀರಿಗೆ ಹಾಕೋ ಬ್ಲೀಚಿಂಗಿಂದು. ಇವನಿಗೂ ಹೇಳಿರಲಿಲ್ಲ. ಈಗ ಗೊತ್ತಾಯ್ತಲ್ಲ, ಸರಿ."

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಕಕ್ಷಿದಾರ ಮುಖ ಆಚೆ ತಿರುಗಿಸಿದ. ಬೇರೆಯವರ ಬ್ಯಾಗಿಗೆ ಕೈಹಾಕಿದ ಹೆಂಗಸು ನಾನು. ಹುಡುಗ ಪ್ರಪಂಚದಿಂದ ಮುಚ್ಚಿಟ್ಟಿದ್ದನ್ನು ನಡುಮನೆಯಲ್ಲಿ ಕೊಡವಿ ಹಾಕಿದ್ದೆ. ಹಾವು ಅಂದುಕೊಂಡಿದ್ದೆನಲ್ಲ, ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ ಅನ್ನುವುದೊಂದೇ ಸಮಾಧಾನ. ನಾಚಿಕೆಯಿಂದ ನೆಲಕ್ಕೆ ಕುಕ್ಕರಿಸಿ ಚದುರಿದ್ದನ್ನು ಆಯತೊಡಗಿದೆ. ಈಜುಕೊಳದ ಪಾಸು ಮಂಚದ ಕೆಳಗೆ ಜಾರಿತ್ತು. ಅದರ ಮೇಲಿದ್ದ ಅವನ ಫೋಟೊ ನೆನೆದು ಕಿತ್ತು ಬಂದಿತ್ತು.

"ತಾ ಇಲ್ಲಿ," ಎಂದರು ಕಕ್ಷಿದಾರನ ತಾಯಿ.

ಯಾವಾಗ ಪರದೆ ಸರಿಸಿ ಬಂದರೋ ಗೊತ್ತಾಗಲಿಲ್ಲ. ಪಾಸನ್ನು ಸೆರಗಿನಲ್ಲಿ ಒರೆಸಿ, ಒಳಗೆ ಹೋಗಿ, ಪಾತ್ರೆಯಿಂದ ಅನ್ನದ ಅಗುಳು ತಂದರು. ಫೋಟೊದ ಹಿಂದೆ ಇಟ್ಟು ಹೆಬ್ಬೆರಳಿನಿಂದ ಹೊಸಕಿ ಒತ್ತಿದರು. ಒತ್ತಿದ್ದು ಕೂರುವವರೆಗೆ ಬೆರಳು ತೆಗೆಯಲಿಲ್ಲ.

"ಇಷ್ಟಕ್ಕೆಲ್ಲ ಗೋಂದು ಯಾಕೆ," ಎಂದು ಪಾಸನ್ನು ಲಂಬೂನ ಕೈಗೆ ಕೊಟ್ಟರು. "ಕಲಿಯೋದ್ರಲ್ಲಿ ಏನಪ್ಪ ನಾಚಿಕೆ? ಮುಳುಗಿದ್ರೆ ನಾಚಿಕೆ. ಕೂತ್ಕೊಳ್ಳಿ ಎಲ್ಲಾ, ಟೀ ಕುಡೀರಿ."

ನಾನು ಕೂತೆ. ಎದ್ದು ಹೋಗುವ ಧೈರ್ಯ ಇರಲಿಲ್ಲ. ಲಂಬೂ ಒದ್ದೆ ಟವೆಲನ್ನು ಕಿಟಕಿಗೆ ಹರವಿದ. ಇನ್ನು ಮುಚ್ಚಿಡುವುದೇನಿದೆ ಎನ್ನುವ ಹಾಗೆ ಬಾತುಕೋಳಿ ಹಲಗೆಯನ್ನೂ ಪಕ್ಕದಲ್ಲೇ ಒರಗಿಸಿದ.

ಲೋಟ ಕೊಡುವಾಗ ತಾಯಿಯ ಬೆರಳು ನನಗೆ ತಾಕಿತು. ಮರಳುಕಾಗದದ ಹಾಗೆ ಒರಟು. ಉಗುರಿನ ಸುತ್ತ ಚರ್ಮ ಸುಲಿದು ಕೆಂಪಾಗಿತ್ತು.

"ಏನಮ್ಮ ಇದು ಕೈ?"

"ಇಲ್ಲಿನ ನೀರು ನಂಗೆ ಆಗಿಬರಲ್ಲ ಕಣಮ್ಮ."

"ಮಲಗೋವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ," ಎಂದೆ. ಹೇಳಿದ್ದಕ್ಕೆ ಅವರು ವಿಧೇಯವಾಗಿ ತಲೆಯಾಡಿಸಿದರು.

ಆ ತಾಯಿಯ ಮುಂದೆ ಚಿಕ್ಕವಳಾದದ್ದು ನನಗೆ ಹೆಚ್ಚು ಚುಚ್ಚಿತು. ಯಾಕೆಂದರೆ ಟ್ಯಾಕ್ಸ್ ಕೋಣೆಯಲ್ಲಿ ನನ್ನನ್ನು ದೊಡ್ಡ ಮನುಷ್ಯಳು ಎಂದು ನಂಬಿದ್ದವರು ಅವರೊಬ್ಬರೇ. ಇಲ್ಲಿಗೆ ಬಂದ ಹೊಸದರಲ್ಲಿ ಮಗನ ಹಿಂದೆಯೇ ಬಂದು ಹೀಟರಿನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಬೇಸರ ಕಳೆಯಲು ಬರುತ್ತಾರೆ ಅಂದುಕೊಂಡಿದ್ದೆ. ಆದರೆ ಅವರು ನನ್ನ ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಾಳೆಯ ಮೇಲಿನ ಚೌಕಗಳಿಗೆ ಮನೆ ಅನ್ನುತ್ತಿದ್ದರು. "ಈ ಮನೆಗೆ ಏನು ಬರೀಬೇಕಮ್ಮ? ಆ ಮನೆ ಖಾಲಿ ಬಿಡಬಹುದಾ?" ನಾನು ಬೆರಳಿಟ್ಟು ತೋರಿಸುತ್ತಿದ್ದೆ. "ಎಲ್ಲಾರೂ ಆಡಿಟರ್ ಅಕ್ಕ ಅಂತಾರೆ, ನಿನ್ನ ಹೆಸರೇನಮ್ಮ? ಇಲ್ಲಿ ಬರೆದುಕೊಡು," ಎಂದು ಒಮ್ಮೆ ಚೀಟಿಯಲ್ಲಿ ಪೂರ್ತಿ ಹೆಸರು ಬರೆಸಿಕೊಂಡಿದ್ದರು. ನಾನು ಉಬ್ಬಿಹೋಗಿದ್ದೆ.

ಇನ್ನೊಂದು ದಿನ ಕೇಳಿದ್ದರು: "ಈ ನಂಬರು ಊರಿನ ರೇಷನ್ ಕಾರ್ಡಿನ ಥರಾನಾ? ಮನೆಗೆಲ್ಲ ಒಂದೇನಾ?" ಇಡೀ ಕೋಣೆ ಗೊಳ್ಳೆಂದು ನಕ್ಕಿತ್ತು. ನಾನೂ ನಕ್ಕಿದ್ದೆ. ಅವರೂ ಸೆರಗು ಬಾಯಿಗೆ ಹಿಡಿದು ನಮ್ಮ ಜೊತೆ ನಕ್ಕಿದ್ದರು.

ಟೀ ಮುಗಿಸಿ, ಲಂಬೂಗೆ ಕ್ಷಮಿಸು ಎಂದೆ. ಮೆಲ್ಲಗೆ ಹೇಳಿದೆ, ಅದೂ ನಾಚಿಕೆಗೇಡು. ಬೈಯುವಾಗ ಗಟ್ಟಿಯಾಗಿದ್ದ ಗಂಟಲು ಆಗ ಎಲ್ಲಿ ಹೋಗಿತ್ತೋ.

ಅವನು ಮೆಟ್ಟಿಲಿನ ತನಕ ಹಿಂದೆ ಬಂದ.

"ಅಕ್ಕ, ಒಂದು ಮಾತು. ಈಜುಕೊಳಕ್ಕೆ ಭಾನುವಾರ ರಜ."

"ಆಯ್ತಪ್ಪ, ತಪ್ಪಾಯ್ತು ಅಂದೆನಲ್ಲ. ಇನ್ನೂ ಎಷ್ಟು ಸಲ ಹೇಳಲಿ?"

"ಅದಲ್ಲ ಅಕ್ಕ..." ಎಂದವನು ನನ್ನ ಮುಖ ನೋಡಿ ಸುಮ್ಮನಾದ. ಕಕ್ಷಿದಾರ ಆಗಲೇ ಕೆಳಗಿಳಿದು ಬಸ್ಸಿಗೆ ಓಡುತ್ತಿದ್ದ. ನಾನೂ ಓಡಿದೆ.

*

ಬಸ್ಸಿನಲ್ಲಿ ಕಕ್ಷಿದಾರ ಕಿಟಕಿಗೆ ಹಣೆ ಒತ್ತಿಕೊಂಡು ಕೂತ. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಗೆರೆ ಕೂಡ ಮುರಿದಿರಲಿಲ್ಲ.

"ಅಮ್ಮ ಇಸ್ತ್ರಿ ಮಾಡಿದ್ದಾ?" ಎಂದೆ, ಏನಾದರೂ ಮಾತಾಡಬೇಕಲ್ಲ ಎಂದು.

"ದಿನಾ ಮಾಡ್ತಾಳೆ. ಬೆಳಿಗ್ಗೆ ಕತ್ತಲಲ್ಲೇ ವಾಕಿಂಗ್ ಹೋಗಿ ಬಂದು, ಸ್ನಾನ ಮಾಡಿ, ನನ್ನ ಅಂಗಿ ಇಸ್ತ್ರಿ ಮಾಡಿ ಎಬ್ಬಿಸ್ತಾಳೆ. ಪಾಠ ಮಾಡೋ ಮೇಷ್ಟ್ರು ಮುದುರಿದ ಅಂಗಿ ಹಾಕ್ಕೊಂಡು ಹೋಗಬಾರದಂತೆ."

ಅವನ ದನಿ ಒಂದು ಥರ ಇತ್ತು. ನಾನು ತಿರುಗಿ ನೋಡಿದೆ.

"ಪಾಠ ಇಲ್ಲ ಅಕ್ಕ. ಡಿಪಾರ್ಟ್‌ಮೆಂಟಿನಲ್ಲಿ ಜೂನಿಯರುಗಳಿಗೆ ಪಾಠ ಹೇಳೋ ಕೆಲಸ ಇತ್ತಲ್ಲ, ಅದು ಹೋಗಿ ಎಷ್ಟೋ ದಿನ ಆಯ್ತು. ಅಮ್ಮ ಬಂದ ಮೇಲೆಯೇ ಹೋಯ್ತು. ನಾನು ಹೇಳಲಿಲ್ಲ. ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗಿ ಪಾರ್ಕಲ್ಲಿ ಕೂತಿರ್ತೀನಿ. 'ಇವತ್ತು ಹುಡುಗರಿಗೆ ಏನು ಹೇಳಿಕೊಟ್ಟೆ?' ಅಂತ ಸಂಜೆ ಕೇಳ್ತಾಳೆ. ಏನೋ ಒಂದು ಕಟ್ಟಿ ಹೇಳ್ತೀನಿ."

"ಮತ್ತೆ ಮನೆ ಹೇಗೆ ನಡೀತಿದೆ?"

"ಊರಿಂದ ದೊಡ್ಡಮ್ಮ ಅಮ್ಮನಿಗೆ ದುಡ್ಡು ಕಳಿಸ್ತಿದಾಳಂತೆ. ನನ್ನ ಕೈಖರ್ಚಿಗೂ ಅಮ್ಮನೇ ಕೊಡ್ತಾಳೆ. ಕೆಲಸ ಇರೋ ಮಗನಿಗೆ ಯಾಕೆ ಕೊಡ್ತೀಯ ಅಂತ ಕೇಳೋಕೂ ಆಗಲ್ಲ, ಬೇಡ ಅನ್ನೋಕೂ ಆಗಲ್ಲ. ತಗೋತೀನಿ."

"ದೊಡ್ಡಮ್ಮಂಗೆ ಫೋನ್ ಮಾಡಿ ಮಾತಾಡಿದ್ಯಾ?"

"ಯಾವ ಮುಖ ಇಟ್ಕೊಂಡು ಮಾಡಲಿ ಅಕ್ಕ?"

ಅವನು ಮತ್ತೆ ಕಿಟಕಿಗೆ ತಿರುಗಿದ. ಬೆಳಿಗ್ಗೆಯ ಅವಮಾನ ನನ್ನ ಮೈಯಿಂದ ಇನ್ನೂ ಇಳಿದಿರಲಿಲ್ಲ, ಬುದ್ಧಿ ಹೇಳುವ ಹುಮ್ಮಸ್ಸು ಬರಲಿಲ್ಲ. ಹೇಳಬೇಕಾದದ್ದನ್ನು ಮಾತ್ರ ಹೇಳಿಕೊಟ್ಟೆ. "ಅಧಿಕಾರಿ ಸಹಿ ತೋರಿಸ್ತಾರೆ. 'ಇದು ನನ್ನ ಸಹಿ ಅಲ್ಲ' ಅನ್ನಬೇಕು. ಬೇರೆ ಒಂದು ಅಕ್ಷರವೂ ಬೇಡ. ಅಷ್ಟಾದ್ರೆ ನೀನು ಪಾರು."

"ಇದು ನನ್ನ ಸಹಿ ಅಲ್ಲ," ಎಂದು ಅವನು ಮೂರು ಸ್ಟಾಪು ಬಾಯಿಪಾಠ ಮಾಡಿದ.

*

ತೆರಿಗೆ ಕಚೇರಿಯಲ್ಲಿ ಟೋಕನ್ ತೆಗೆದುಕೊಂಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾದೆವು. ಕರೆ ಬಂದಾಗ ಒಳಗಿನ ಚಿಕ್ಕ ಕೋಣೆಗೆ ಕಳಿಸಿದರು. ಮೇಜಿನ ಆಚೆ ಒಬ್ಬ ಹಿರಿಯ ಅಧಿಕಾರಿ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು. ಸಿಡುಕುವವರ ಹಾಗೆ ಕಾಣಲಿಲ್ಲ. ನನ್ನನ್ನು ನೋಡಿ ಒಂದು ಚೀಟಿ ಮುಂದೆ ತಳ್ಳಿದರು. ಜೊತೆಗೆ ಬರುವವರು ಹೆಸರು ಬರೆದು ಸಹಿ ಹಾಕಬೇಕು: ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಕೇಳಿದ್ದನ್ನು ಕೇಳಿದ ಹಾಗೆ ಅನುವಾದಿಸುತ್ತೇನೆ.

ಬರೆದೆ, ಸಹಿ ಹಾಕಿದೆ. ಇಂಥ ಕಾಗದಕ್ಕೆ ಸಹಿ ಹಾಕಲು ನಾನು ಯಾವತ್ತೂ ಎರಡು ಸಲ ಯೋಚಿಸಿದ್ದಿಲ್ಲ.

"ನೇರವಾಗಿ ವಿಷಯಕ್ಕೆ ಬರುತ್ತೇನೆ," ಎಂದರು ಅಧಿಕಾರಿ ಕಕ್ಷಿದಾರನಿಗೆ. "ಈ ರಿಟರ್ನ್ ನಿಮ್ಮದಲ್ಲ ಎಂದರೆ, ನಿಮ್ಮ ನಂಬರಿನಲ್ಲಿ ಯಾರೋ ಅಕ್ರಮವಾಗಿ ದುಡಿಯುತ್ತಿದ್ದಾರೆ ಎಂದಾಯಿತು. ಇವತ್ತೇ ಪೊಲೀಸರಿಗೆ ಹೋಗುತ್ತದೆ. ಕಂಟ್ರಾಕ್ಟರನ ಹತ್ತಿರ ಅವರು ಈಗಲೂ ಕೆಲಸಕ್ಕೆ ಬರುತ್ತಿದ್ದಾರೆ, ನಾಳೆ ಬೆಳಿಗ್ಗೆ ಕೆಲಸದ ಜಾಗದಲ್ಲೇ ಹಿಡಿಯುತ್ತಾರೆ. ನಿಮಗೆ ಏನೂ ಆಗುವುದಿಲ್ಲ. ನಿಮ್ಮದೇ ಎಂದರೆ ಕಾಗದ ವೀಸಾ ಕಚೇರಿಗೆ ಹೋಗುತ್ತದೆ. ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ. ನೋಡಿ ಹೇಳಿ."

ಫೈಲು ಬಿಚ್ಚಿ ನಮ್ಮ ಕಡೆ ತಿರುಗಿಸಿದರು.

ನಿಜ ಹೇಳಬೇಕೆಂದರೆ, ಮೊದಲ ನೋಟಕ್ಕೆ ನಾನು ಕಳ್ಳನನ್ನು ಮೆಚ್ಚಿಕೊಂಡೆ. ನಿಧಾನವಾಗಿ, ಗುಂಡಗೆ, ಒಂದೊಂದೇ ಅಕ್ಷರ ಕೂಡಿಸಿ ಬರೆದ ಕೈ. ಒಂದು ಚೌಕವನ್ನೂ ಖಾಲಿ ಬಿಟ್ಟಿರಲಿಲ್ಲ. ಬರೆಯಲು ಏನೂ ಇಲ್ಲದ ಕಡೆ ಅಡ್ಡಗೆರೆ ಎಳೆದಿತ್ತು. ಹಾಗೆ ಗೆರೆ ಎಳೆಯಿರಿ, ಖಾಲಿ ಬಿಟ್ಟರೆ ಯಾರಾದರೂ ಏನಾದರೂ ತುಂಬಿಯಾರು ಎಂದು ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ, ನನ್ನ ಹುಡುಗರು ಒಬ್ಬರೂ ಕೇಳುವುದಿಲ್ಲ. ಕಳ್ಳ ಕೇಳಿದ್ದ.

ಸಹಿಯ ಜಾಗದಲ್ಲಿ ಒಂದು ಇನಿಶಿಯಲ್ಲು, ಒಂದು ಮನೆತನದ ಹೆಸರು. ಕಕ್ಷಿದಾರನ ಗೀಚು ಸಹಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನನ್ನ ಎದೆ ಹಗುರಾಯಿತು. ಕುರುಡರಿಗೂ ಗೊತ್ತಾಗುವಷ್ಟು ಬೇರೆ.

"ಹೇಳು," ಎಂದು ಅವನ ಮೊಣಕೈ ತಟ್ಟಿದೆ.

"ಇದು..." ಎಂದ ಅವನು.

ಅಧಿಕಾರಿ ಹಾಳೆಗಳನ್ನು ಮಗುಚಿ ಕವರನ್ನು ಮೇಲಕ್ಕೆ ತಂದರು. ಅಂಚೆ ಮುದ್ರೆಯ ದಿನಾಂಕ ಬೇಕು ಎಂದು ಇಲ್ಲಿ ಕವರನ್ನೂ ಕಾಗದದ ಹಿಂದೆ ಪಿನ್ನು ಹೊಡೆದು ಇಟ್ಟುಕೊಳ್ಳುತ್ತಾರೆ. ಕವರಿನ ಅಂಟು ಒಣಗಿ ಹೋಗಿದ್ದಿರಬೇಕು, ಮುಚ್ಚಳವನ್ನು ಬೇರೆ ಏನೋ ಹಚ್ಚಿ ಅಂಟಿಸಿತ್ತು. ಕಚೇರಿಯವರು ಪಕ್ಕದಲ್ಲಿ ಕತ್ತರಿಸಿದ್ದರು, ಹಾಗಾಗಿ ಅಂಟಿಸಿದ ಜಾಗ ಹಾಗೇ ಉಳಿದಿತ್ತು. ಮುಚ್ಚಳದ ತುದಿಯಿಂದ ಅದು ಒಂದಿಷ್ಟು ಹೊರಗೆ ಇಣುಕಿತ್ತು.

ಅನ್ನದ ಅಗುಳು. ಹೆಬ್ಬೆರಳಿನಿಂದ ಹೊಸಕಿ ಒತ್ತಿದ್ದು. ಒಣಗಿ ಹೊಳೆಯುತ್ತಿತ್ತು.

ಭಾನುವಾರ ಈಜುಕೊಳಕ್ಕೆ ರಜ.

ಲಂಬೂ ಹೇಳಲು ಹೊರಟದ್ದು ಇದು. ಅವನಿಗೆ ರಜ ಇದ್ದ ದಿನವೂ ಕೋಣೆಯಲ್ಲಿ ಬ್ಲೀಚಿಂಗ್ ವಾಸನೆ ಇತ್ತು. ಆ ಕೋಣೆಯಿಂದ ಕತ್ತಲಲ್ಲೇ ಎದ್ದು ಹೋಗುತ್ತಿದ್ದವರು ಇಬ್ಬರು. ಒಬ್ಬರು ಈಜಿಗೆ. ಇನ್ನೊಬ್ಬರು ವಾಕಿಂಗಿಗೆ.

ಇಲ್ಲಿನ ನೀರು ಅವರಿಗೆ ಆಗಿಬರಲಿಲ್ಲವಂತೆ. ನಾನು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ ಅಂದಿದ್ದೆ. ದೊಡ್ಡಮ್ಮ ಏನೂ ಕಳಿಸಿರಲಿಲ್ಲ. ಮಗನ ಕೆಲಸ ಹೋದದ್ದು ತಾಯಿಗೆ ಯಾವತ್ತೋ ಗೊತ್ತಾಗಿದೆ. ಅವನು ಪಾಠ ಮಾಡಿದೆ ಎಂದು ಸಂಜೆ ಕಟ್ಟಿ ಹೇಳಿದ್ದನ್ನು ಕೇಳಿಸಿಕೊಂಡು, ಬೆಳಗಿನ ಜಾವ ಎದ್ದು ಹೋಗಿ ಯಾರದೋ ಆಫೀಸಿನ ಪಾಯಿಖಾನೆ ತೊಳೆದು, ಬಂದು ಅವನ ಅಂಗಿ ಇಸ್ತ್ರಿ ಮಾಡಿದ್ದಾರೆ. ಅವನ ಮಾನ ಕಳೆಯಬಾರದು ಎಂದು.

ಸಹಿಯನ್ನೂ ಅವರು ನಕಲು ಮಾಡಿರಲಿಲ್ಲ. ತಾಯಿ ಮಗನ ಇನಿಶಿಯಲ್ಲೂ ಒಂದೇ, ಮನೆತನದ ಹೆಸರೂ ಒಂದೇ. ಅವರು ತಮ್ಮ ಹೆಸರನ್ನೇ ಬರೆದಿದ್ದರು. ನಂಬರು ಮನೆಗೆಲ್ಲ ಒಂದೇನಾ ಎಂದು ಅವರು ನಮ್ಮನ್ನು ಕೇಳಿದ್ದರು. ಕೇಳಿಯೇ ಹೋಗಿದ್ದರು. ನಾವು ನಕ್ಕೆವು. ಇಡೀ ಕೋಣೆಯಲ್ಲಿ ಒಬ್ಬರೂ, 'ಇಲ್ಲಮ್ಮ, ಒಬ್ಬೊಬ್ಬರಿಗೆ ಒಂದೊಂದು, ನೀವು ಇಲ್ಲಿ ದುಡಿಯೋ ಹಾಗಿಲ್ಲ' ಎಂದು ಹೇಳಲಿಲ್ಲ. ಹೇಳಬೇಕಾದ ಕೆಲಸ ನನ್ನದು. ಅದಕ್ಕೇ ನಾನು ಅಲ್ಲಿ ಕೂತಿದ್ದೆ.

ನಾಳೆ ಬೆಳಿಗ್ಗೆ ಕೆಲಸದ ಜಾಗದಲ್ಲೇ ಹಿಡಿಯುತ್ತಾರೆ ಎಂದಿದ್ದರು ಅಧಿಕಾರಿ. ಪೊರಕೆ ಕೈಯಲ್ಲಿ ಹಿಡಿದ ಆ ತಾಯಿಯನ್ನು ಪೊಲೀಸರು ಸುತ್ತುವರಿದದ್ದು ಕಣ್ಣಿಗೆ ಕಟ್ಟಿತು. ಅವರಿಗೆ ಈ ಊರಿನ ಭಾಷೆಯೂ ಸರಿಯಾಗಿ ಬಾರದು. ನನಗೆ ಅಲ್ಲೇ ಕೂತಲ್ಲೇ ಕರಗಿ ಹೋಗಬೇಕು ಅನ್ನಿಸಿತು.

ಕಕ್ಷಿದಾರನಿಗೆ ಗೊತ್ತಾಗದಿರಲಿ ಎಂದುಕೊಂಡು ಪಕ್ಕಕ್ಕೆ ತಿರುಗಿದೆ.

ಅವನೂ ಆ ಅಗುಳನ್ನೇ ನೋಡುತ್ತಿದ್ದ. ಒಂದು ಕೈಯಿಂದ ಇಸ್ತ್ರಿ ಅಂಗಿಯ ತೋಳ ತುದಿಯನ್ನು ಹಿಡಿದುಕೊಂಡಿದ್ದ.

"ಇದು ನಿಮ್ಮ ಸಹಿಯೇ?" ಎಂದರು ಅಧಿಕಾರಿ.

"ಹೌದು."

"ಏನಂದಿರಿ?"

"ನನ್ನದೇ ಸಹಿ. ನಾನೇ ಕೆಲಸಕ್ಕೆ ಹೋಗಿದ್ದು. ಬೇರೆ ಯಾರೂ ಇಲ್ಲ."

ಅಧಿಕಾರಿ ಕನ್ನಡಕ ತೆಗೆದು ಅವನನ್ನು ನೋಡಿದರು, ಮತ್ತೆ ಹಾಕಿಕೊಂಡರು. ಈ ಭೇಟಿಗೆ ಅವನು ಕೊಟ್ಟಿದ್ದ ಅರ್ಜಿಯ ಮೇಲಿದ್ದ ಗೀಚು ಸಹಿಯನ್ನೂ ರಿಟರ್ನಿನ ಗುಂಡು ಸಹಿಯನ್ನೂ ಪಕ್ಕಪಕ್ಕ ಇಟ್ಟರು. ಆಮೇಲೆ ರಿಟರ್ನಿನ ಕೊನೆಯ ಹಾಳೆ ತೆಗೆದರು.

"ಒಂದು ವಿಷಯ ಉಳಿದಿದೆ. ರಿಟರ್ನ್ ತುಂಬಲು ಸಹಾಯ ಮಾಡಿದವರ ಹೆಸರು ಎಂದು ಇಲ್ಲೊಂದು ಚೌಕ ಇರುತ್ತದೆ. ಇದನ್ನು ಯಾರೂ ತುಂಬುವುದಿಲ್ಲ. ಇವರು ತುಂಬಿದ್ದಾರೆ."

ಅದೇ ಗುಂಡು ಅಕ್ಷರದಲ್ಲಿ ನನ್ನ ಪೂರ್ತಿ ಹೆಸರು ಇತ್ತು. ಈ ಊರಿನಲ್ಲಿ ನನ್ನ ಗಂಡನನ್ನೂ, ಚೀಟಿಯಲ್ಲಿ ಬರೆಸಿಕೊಂಡ ಆ ತಾಯಿಯನ್ನೂ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಹೆಸರು. ಯಾರು ಕಲಿಸಿಕೊಟ್ಟರೋ ಅವರ ಹೆಸರು ಬರೆಯಬೇಕು, ಮುಚ್ಚಿಡಬಾರದು ಎಂದು ಪಾಠ ಹೇಳಿದ್ದೂ ನಾನೇ. ಒಂದು ಮನೆಯನ್ನೂ ಅವರು ಖಾಲಿ ಬಿಟ್ಟಿರಲಿಲ್ಲ.

ಅಧಿಕಾರಿ ಆಗಷ್ಟೇ ನಾನು ಸಹಿ ಹಾಕಿಕೊಟ್ಟ ಚೀಟಿಯನ್ನು ಅದರ ಪಕ್ಕ ಇಟ್ಟರು. ಒಂದೇ ಹೆಸರು.

"ಹಾಗಾದರೆ ಇದನ್ನು ಬರೆದವರು ಯಾರು ಎಂದು ನಿಮಗೆ ಗೊತ್ತು," ಎಂದರು ನನಗೆ. "ಪಕ್ಕದಲ್ಲಿ ಕೂತು ಕಲಿಸಿದವರು ನೀವು."

ಕಕ್ಷಿದಾರ ಬರೆದದ್ದು ಎಂದರೆ ಅವನ ಓದು ಮುಗಿಯಿತು, ಕಳ್ಳದುಡಿಮೆಗೆ ಕೈಜೋಡಿಸಿದವಳು ಎಂದು ನನ್ನ ವೀಸಾ ಹೋಗುತ್ತದೆ, ಅದರ ಹಿಂದೆ ನನ್ನ ಗಂಡನ ಕೆಲಸ. ಅಲ್ಲ ಎಂದರೆ ನಾಳೆ ಬೆಳಿಗ್ಗೆ ಆ ತಾಯಿ.

ಕಕ್ಷಿದಾರ ನನ್ನ ಕಡೆ ಬಾಗಿದ. ಕನ್ನಡದಲ್ಲಿ, ಉಸಿರಿನಷ್ಟು ಸಣ್ಣಗೆ ಹೇಳಿದ:

"ಅಕ್ಕ, ಏನಾದ್ರೂ ಹೇಳಿ. ಆದ್ರೆ ನಂಗೆ ಗೊತ್ತಾಯ್ತು ಅಂತ ಅಮ್ಮಂಗೆ ಮಾತ್ರ ಹೇಳ್ಬೇಡಿ. ಅವಳು ನಾಚಿಕೊಂಡು ಸತ್ತುಹೋಗ್ತಾಳೆ."

ಅಧಿಕಾರಿ ಅವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈಗ ಅವರು ನಿಮ್ಮ ಭಾಷೆಯಲ್ಲಿ ಏನೋ ಹೇಳಿದರಲ್ಲ," ಎಂದರು. ನನ್ನ ಸಹಿ ಇದ್ದ ಚೀಟಿಯ ಮೇಲೆ ಬೆರಳಿಟ್ಟರು. "ಕೇಳಿದ್ದನ್ನು ಕೇಳಿದ ಹಾಗೆ ನನಗೆ ಹೇಳಿ."